ಅಕ್ಕನಾಗಮ್ಮನ ಸೌಟು, ಕೆಂಚಿಯ ಎಲುವು

ಕುರುಗೋಡಿನ ಅಕ್ಕನಾಗಮ್ಮ ಯಾರನ್ನೇ ಕಂಡರೂ ಮೊದಲು ಮುಖ ನೋಡುವವಳಲ್ಲ, ಹೊಟ್ಟೆ ನೋಡುವವಳು. ಬಾಗಿಲಿಗೆ ಬಂದವರು ಕರೆಂಟ್ ಬಿಲ್ಲಿನವರಿರಲಿ, ಬೀಗರಿರಲಿ, ಮೆಣಸಿನಕಾಯಿ ನೋಡಲು ಬಂದ ದಲಾಲರಿರಲಿ, "ಉಂಡೀರೇನ್ರಿ?" ಎಂಬ ಮಾತು ಮೊದಲು. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. "ಉಂಡೇ ಬಂದೀನ್ರಿ" ಎಂದರೆ ಅವಳು ನಂಬುವುದಿಲ್ಲ. "ಉಂಡವರ ಹೊಟ್ಟಿ ಹಿಂಗಿರತೈತೇನು?" ಎಂದು ತಟ್ಟೆ ತರಲು ಒಳಗೆ ಹೋಗಿಬಿಡುತ್ತಾಳೆ.

ಈ ಗುಣ ಅವಳು ತವರಿನಿಂದ ತಂದದ್ದಲ್ಲ. ತವರು ಸಿರುಗುಪ್ಪ ತಾಲ್ಲೂಕಿನ ದೇಶನೂರು. ಕಾಲುವೆ ನೀರಿನ ಊರು, ಕಣ್ಣು ಹರಿದಷ್ಟು ದೂರ ಭತ್ತ. ಮದುವೆಯಾಗಿ ಕುರುಗೋಡಿಗೆ ಬಂದಾಗ ಅವಳಿಗೆ ಅನ್ನ ಬಸಿಯಲು ಬರುತ್ತಿತ್ತೇ ಹೊರತು ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಿಟ್ಟು ಬಡಿಯುವ ಮರದ ಕೊಣಮಿಗೆಯಿಂದ ಎತ್ತಿದ ರೊಟ್ಟಿ ಹಂಚು ಮುಟ್ಟುವಷ್ಟರಲ್ಲಿ ಹರಿದು ಹೋಳಾಗುತ್ತಿತ್ತು. ಅತ್ತೆ ನಗಲಿಲ್ಲ, ಬಯ್ಯಲೂ ಇಲ್ಲ. "ರೊಟ್ಟಿ ಹರಿದ್ರ ಹರೀಲಿ, ನಾಗಮ್ಮ. ಕಡಿಮಿ ಮಾತ್ರ ಬೀಳಬಾರದು. ಈ ಮನಿಯಿಂದ ಅರ್ಧ ಹೊಟ್ಟೀಲೆ ಯಾರೂ ಎದ್ದು ಹೋಗಬಾರದು ನೋಡು" ಎಂದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಮಾತು ಮಾತ್ರ ಅಡುಗೆಮನೆ ಬಿಟ್ಟು ಹೋಗಲಿಲ್ಲ. ಓಣಿಯ ಮಠದಲ್ಲಿ ಸೋಮವಾರದ ದಾಸೋಹಕ್ಕೆ ಅಕ್ಕನಾಗಮ್ಮ ಬಡಿಸಲು ನಿಂತರೆ, ಸಾಕೆಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲೇ ಅವಳ ಸೌಟು ಇಳಿಯುತ್ತದೆ. ಅವಳ ಪಂಕ್ತಿಯಲ್ಲಿ ಕೂತವರು ಕೈ ಊರದೆ ಮೇಲೇಳಲಾರರು ಎಂಬುದು ಊರಿನ ಮಾತು.

ಇಂಥವಳ ಮನೆಗೆ ಕೆಂಚಿ ಬಂದಳು.

ತಂದವನು ದೇಶನೂರಿನ ತಮ್ಮ ಹಂಪಯ್ಯ. ಗದ್ದೆಗೆ ಕಾಡುಹಂದಿಗಳ ಕಾಟ ಜಾಸ್ತಿಯಾಗಿ, ಮುಧೋಳದ ಕಡೆಯಿಂದ ಒಂದು ಬೇಟೆನಾಯಿಯ ಮರಿ ತಂದು ಸಾಕಿದ್ದ. ಅದು ಒಂದು ವರ್ಷದ್ದಾಗುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು.

"ಹಂದಿ ಓಡಿಸತೈತಿ ಅಂತ ತಂದ್ರ, ಇದು ಕೆಸರಾಗ ಕಾಲು ಇಡವಲ್ದು ಅಕ್ಕ" ಎಂದು ಗೂಡ್ಸ್ ಆಟೋದಿಂದ ಇಳಿಯುತ್ತಲೇ ಶುರುಮಾಡಿದ. "ಬದುವಿನ ಮ್ಯಾಲೆ ನಿಂತು ಒಂದು ಕಾಲು ಎತ್ತತೈತಿ, ಇಳಸ್ತೈತಿ, ಮತ್ತೊಂದು ಎತ್ತತೈತಿ. ಥೇಟ್ ಹೊಸ ಸೀರಿ ಉಟ್ಟ ಬೀಗತಿ. ಚಳಿ ಬಂತಂದ್ರ ಗಡಗಡ ನಡುಗಿ ಬಣವಿ ಸಂದ್ಯಾಗ ಸೇರತೈತಿ. ಇದು ಒಣ ಭೂಮಿ ನಾಯಿ. ನಿಮ್ಮ ಊರಿಗೇ ಸರಿ."

ಆಟೋದಿಂದ ಮೊದಲು ಒಂದು ಉದ್ದನೆಯ ಮೂತಿ ಹೊರಬಂತು. ಅದರ ಹಿಂದೆ ಉದ್ದನೆಯ ಕತ್ತು. ಆಮೇಲೆ ಕಾಲುಗಳು, ಒಂದಕ್ಕಿಂತ ಒಂದು ಉದ್ದ. ಕೆಳಗಿಳಿದು ನಿಂತಾಗ ಬೆನ್ನು ಅಕ್ಕನಾಗಮ್ಮನ ತೊಡೆ ಮುಟ್ಟುವಂತಿತ್ತು. ಹುರಿದ ಸೇಂಗಾದ ಸಿಪ್ಪೆಯ ಬಣ್ಣ. ಎದೆ ಆಳವಾಗಿ ಕೆಳಗಿಳಿದಿತ್ತು, ಅಲ್ಲಿಂದ ಹಿಂದಕ್ಕೆ ಯಾರೋ ದಾರ ಹಾಕಿ ಬಿಗಿದಂತೆ ಸೊಂಟ ಒಳಸೇರಿತ್ತು. ನಡುವೆ ಪಕ್ಕೆಲುಬುಗಳು ಎಣಿಸುವಂತೆ ಕಾಣುತ್ತಿದ್ದವು.

ಅಕ್ಕನಾಗಮ್ಮ ವಾಡಿಕೆಯಂತೆ ಹೊಟ್ಟೆ ನೋಡಿದಳು.

"ಅಯ್ಯೋ ಶಿವನ! ಹಂಪ್ಯಾ, ಏನು ಹಾಕಿ ಸಾಕೀಯೋ ಇದನ್ನ? ಗಾಳಿ ಹಾಕಿದ್ಯಾ?"

"ಹಾಕಿದ್ದೆಲ್ಲಾ ತಿಂತೈತಿ. ಇದರ ಜಾತೀನ ಹಂಗ, ಅಕ್ಕ."

"ಜಾತಿಗೆ ಯಾಕ ಹೆಸರಿಡ್ತೀ? ಹಾಕೋ ಕೈ ಸಣ್ಣದು ಅನ್ನು."

ಗಂಡ ಮರಿಬಸಪ್ಪನಿಗೆ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಗ್ರೀಸ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವನು ನಾಯಿಯ ಸುತ್ತ ಒಂದು ಸುತ್ತು ಹಾಕಿ, "ಲಾರಿ ಬಾಡಿ ಬಿಚ್ಚಿ ಬರೀ ಚಾಸಿ ಕಳಿಸ್ಯಾರಲ್ಲೋ" ಎಂದ.

ಬಣ್ಣ ನೋಡಿ ಕೆಂಚಿ ಎಂದು ಹೆಸರಿಟ್ಟಳು ಅಕ್ಕನಾಗಮ್ಮ. ಮೊದಲ ದಿನಗಳಲ್ಲಿ ಕೆಂಚಿಯ ನಡತೆ ಅವಳಿಗೆ ಅರ್ಥವಾಗಲಿಲ್ಲ. ಓಣಿಯ ನಾಯಿಗಳ ಹಾಗೆ ಬಾಲ ಬಡಿದು ಮೈಮೇಲೆ ಬೀಳುವುದಿಲ್ಲ. ಬೊಗಳುವುದೂ ಅಪರೂಪ. ಅಪರಿಚಿತರು ಕೈ ಚಾಚಿದರೆ ಕಚ್ಚುವುದಿಲ್ಲ, ಮುಖ ತಿರುಗಿಸಿ ಆಚೆ ಹೋಗುತ್ತಾಳೆ. ಯಾರಾದರೂ ಗಟ್ಟಿ ದನಿಯಲ್ಲಿ ಬೈದರೆ ಆ ಇಡೀ ಮಧ್ಯಾಹ್ನ ಮೂಲೆಯಲ್ಲಿ ಗೋಡೆ ನೋಡುತ್ತ ಮಲಗುತ್ತಾಳೆ. ಆದರೆ ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು, ಊರಾಚೆಯ ಬಂಡೆಗುಡ್ಡದ ಬುಡದಲ್ಲಿ ಹೋಗುವ ಕುರಿಯನ್ನೂ ಬಿಡದೆ ನೋಡುತ್ತಾಳೆ. ಮರಿಬಸಪ್ಪ ಕನ್ನಡಕ ಹಾಕಿಕೊಂಡರೂ ಅವನಿಗೆ ಅಲ್ಲಿ ಕಾಣುವುದು ಬರೀ ಗುಡ್ಡ.

ಒಮ್ಮೆ ಮನೆಯ ಹಿಂದಿನ ಜೋಳದ ಕೂಳೆ ಹೊಲದಲ್ಲಿ ಮರಿಬಸಪ್ಪ ಅವಳ ಹಗ್ಗ ಬಿಚ್ಚಿದ. ಕೆಂಚಿ ಒಂದು ಕ್ಷಣ ನಿಂತಳು. ಮರುಕ್ಷಣ ಅಲ್ಲಿರಲಿಲ್ಲ. ನಾಲ್ಕು ಕಾಲೂ ನೆಲ ಬಿಟ್ಟು, ಬೆನ್ನು ಬಿಲ್ಲಿನಂತೆ ಬಾಗಿ, ಮತ್ತೆ ಚಾಚಿ, ಎರೆಮಣ್ಣಿನ ಧೂಳು ಅವಳ ಹಿಂದೆ ಉದ್ದಕ್ಕೆ ಎದ್ದಿತು. "ಹೋತು, ಇನ್ನು ದೇಶನೂರಿಗೇ ಹೋಗಿ ನಿಲ್ಲತೈತಿ!" ಎಂದು ಅಕ್ಕನಾಗಮ್ಮ ಬಾಯಿಗೆ ಸೆರಗು ಹಿಡಿದಳು. ಆದರೆ ಕೆಂಚಿ ಹೊಲದ ಆ ಬದಿಗೆ ದೊಡ್ಡದೊಂದು ಸುತ್ತು ಹಾಕಿ ಹೋದ ವೇಗದಲ್ಲೇ ಹಿಂದಕ್ಕೆ ಬಂದು, ಏದುಸಿರು ಬಿಡುತ್ತ ಅವಳ ತೊಡೆಗೆ ತನ್ನ ಭಾರವನ್ನೆಲ್ಲ ಒರಗಿಸಿ ನಿಂತಳು. ಅಕ್ಕನಾಗಮ್ಮ ಬೀಳದಂತೆ ಕಾಲು ಅಗಲಿಸಿ ನಿಲ್ಲಬೇಕಾಯಿತು. ಆ ಹೊತ್ತಿನಿಂದ ಕೆಂಚಿ ಅವಳ ಮಗಳು.

ಮಗಳಾದ ಮೇಲೆ ಹೊಟ್ಟೆಯ ಚಿಂತೆ ಇನ್ನೂ ಹೆಚ್ಚಾಯಿತು. ಏಕೆಂದರೆ ಕೆಂಚಿ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದುಬಿಡುವಳು. ಬೇಡುವವಳಲ್ಲ, ಕಸಿಯುವವಳಲ್ಲ. ಸಾಕಾಯಿತೆಂದರೆ ಸಾಕು. ಅರ್ಧ ಹೊಟ್ಟೆಯಲ್ಲಿ ಎದ್ದು ಹೋಗುವ ಜೀವವನ್ನು ಆ ಮನೆ ಅಲ್ಲಿಯವರೆಗೆ ಕಂಡಿರಲಿಲ್ಲ. ಸಾಲದ್ದಕ್ಕೆ ಹಿಟ್ಟಿನ ಗಿರಣಿಯ ಮುಂದೆ ನಿಂತ ಹೆಂಗಸರ ಬಾಯಿ.

"ಊರಿಗೆಲ್ಲಾ ಉಣ್ಣಿಸೋ ಅಕ್ಕನಾಗಮ್ಮನ ಮನಿ ನಾಯಿ ನೋಡ್ರೇ, ಎಲುವು ಎಣಿಸಬೌದು!"

"ಮಠದಾಗ ಸೌಟು ಉದ್ದ, ಮನ್ಯಾಗ ಗಿಡ್ಡ ಇರಬೇಕು ತಗೋ."

ನಗುತ್ತಲೇ ಆಡಿದ ಮಾತು. ಆದರೆ ಹಿಟ್ಟಿನ ಡಬ್ಬಿ ಹೊತ್ತು ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕನಾಗಮ್ಮನ ಕಿವಿಗಳು ಬಿಸಿಯಾಗಿದ್ದವು. ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರು?

ಆ ದಿನದಿಂದ ಅವಳು ಪಟ್ಟು ಬಿಡಲಿಲ್ಲ. ಬಿಸಿ ರೊಟ್ಟಿಗೆ ತುಪ್ಪ ಸವರಿ, ಹಾಲಿನಲ್ಲಿ ಕಿವುಚಿ, ಮೇಲೆ ಬೆಲ್ಲದ ಪುಡಿ. ಕೆಂಚಿ ಎದ್ದು ಹೋದರೆ ತಟ್ಟೆ ಹಿಡಿದು ಹಿಂದೆಯೇ ಹೋಗುವಳು. "ಒಂದು ತುತ್ತು, ನಮ್ಮವ್ವ. ಇದೊಂದು ಅತ್ತಿ ಹೆಸರಿಗೆ. ಇದೊಂದು ಬಸವಣ್ಣನ ಹೆಸರಿಗೆ." ಸೋಮವಾರ ದಾಸೋಹದಲ್ಲಿ ಉಳಿದ ಅನ್ನ ಸಾರು, ಗೋಧಿ ಪಾಯಸ. ಹಬ್ಬಕ್ಕೆ ಹೋಳಿಗೆ. ಒಲ್ಲೆ ಎನ್ನುತ್ತಿದ್ದ ಕೆಂಚಿಗೆ ಬರಬರುತ್ತ ಬೆಲ್ಲದ ರುಚಿ ಹತ್ತಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಎಲುವು ಮುಚ್ಚಿತು, ಸೊಂಟ ತುಂಬಿತು, ಬೆನ್ನು ಅಗಲವಾಯಿತು. ಗಿರಣಿಯ ಮುಂದೆ ಹೆಂಗಸರು, "ಈಗ ನೋಡ್ರಿ, ಮನಿತನದ ನಾಯಿ ಅಂದ್ರ ಇದು" ಎಂದರು. ಅಕ್ಕನಾಗಮ್ಮನ ತಲೆಯ ಮೇಲೆ ಹಿಟ್ಟಿನ ಡಬ್ಬಿ ಅಂದು ಹಗುರವಾಗಿತ್ತು.

ಎದುರು ಮನೆಯ ಪಕ್ಕೀರಮ್ಮ ಒಬ್ಬಳೇ ಬೇರೆ ಮಾತಾಡಿದ್ದು. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವ ಅವಳು ಮಾತಿನ ನಡುವೆ ತೆಲುಗು ಬೆರೆಸುವಾಕೆ. "ಯಕ್ಕಾ, ನಿನ್ನ ಕೆಂಚಿ ಈಗ ಓಡೋದ ಬಿಟ್ಟೈತಲ್ಲ. ಮೊದಲು ಹೊಲದಾಗ ಬಿಟ್ರ ಬಾಣ. ಈಗ ನಮ್ಮ ಬಸುರಿ ಎಮ್ಮಿ."

"ದೊಡ್ಡಾಕಿ ಆದ್ಲು. ಇನ್ನೇನು ಹುಡುಗರಂಗ ಓಡ್ತಾಳೇನು?"

"ನಾಕು ವರ್ಷಕ್ಕ ದೊಡ್ಡಾಕಿ ಅಂತೆ! ಅಬ್ಬಬ್ಬಾ, ಏಮಿ ಮಾತು!"

ಮರಿಬಸಪ್ಪನೂ ಒಮ್ಮೆ, "ಐದು ಎಚ್‌ಪಿ ಮೋಟಾರಿಗೆ ಹತ್ತು ಎಚ್‌ಪಿ ಹೊರೆ ಹೊರಿಸಿದ್ರ ಕಾಯಿಲ್ ಸುಡತೈತಿ, ನಾಗಮ್ಮ" ಎಂದಿದ್ದ. "ಮನುಷ್ಯರ ಮಾತು ಆಡ್ರಿ" ಎಂದು ಅವಳು ಅವನ ತಟ್ಟೆಗೂ ಒಂದು ರೊಟ್ಟಿ ಹೆಚ್ಚಿಗೆ ಹಾಕಿದ್ದಳು.

ಶ್ರಾವಣದ ಕೊನೆಯ ಸೋಮವಾರ. ಮಠದಲ್ಲಿ ದೊಡ್ಡ ದಾಸೋಹ. ಮಧ್ಯಾಹ್ನ ಅಕ್ಕನಾಗಮ್ಮ ಒಂದು ಬೋಗುಣಿ ತುಂಬ ಅನ್ನ, ಅದರ ಮೇಲೆ ಪಾಯಸ ತಂದು ಕೆಂಚಿಯ ಮುಂದಿಟ್ಟಳು. ಕೆಂಚಿ ಎಲ್ಲ ತಿಂದು, ತೊಟ್ಟಿಯಲ್ಲಿ ಬಹಳ ಹೊತ್ತು ನೀರು ಕುಡಿದಳು. ಅದೇ ಹೊತ್ತಿಗೆ ಗುಡ್ಡದಿಂದ ಇಳಿದ ಒಂದು ಕೋತಿ ಹಿತ್ತಲ ತಗಡಿನ ಮೇಲೆ ಧಡಾರೆಂದು ಹಾರಿತು. ಬಹಳ ದಿನದ ಮೇಲೆ ಕೆಂಚಿಗೆ ತಾನು ಬೇಟೆನಾಯಿ ಎಂಬುದು ನೆನಪಾಯಿತು. ಕೋತಿ ಬೇಲಿ ಹಾರಿತು, ಇವಳೂ ಹಾರಿದಳು. ಮನೆಯ ಹಿಂದಿನ ಹೊಲದಲ್ಲಿ ತುಂಬಿದ ಹೊಟ್ಟೆ ಹೊತ್ತು ಎರಡು ಸುತ್ತು ಓಡಿದಳು. ಅಕ್ಕನಾಗಮ್ಮ ಕಟ್ಟೆಯ ಮೇಲೆ ನಿಂತು, "ನೋಡ್ರಿ, ನೋಡ್ರಿ, ನನ್ನ ಮಗಳು ಓಡೋದನ್ನ!" ಎಂದು ಗಂಡನನ್ನು ಕೂಗಿದಳು.

ಸ್ವಲ್ಪ ಹೊತ್ತಿಗೆ ಕೆಂಚಿ ಹಿತ್ತಲಲ್ಲಿ ಕತ್ತು ಮುಂದೆ ಚಾಚಿ ನಿಂತಿದ್ದಳು. ವಾಂತಿ ಮಾಡಲು ನೋಡುತ್ತಾಳೆ, ಏನೂ ಬರುವುದಿಲ್ಲ. ಬಾಯಿಂದ ನೂಲಿನಂತೆ ಜೊಲ್ಲು. ಕೂರುತ್ತಾಳೆ, ಏಳುತ್ತಾಳೆ, ತನ್ನ ಪಕ್ಕೆಯನ್ನೇ ತಿರುಗಿ ನೋಡುತ್ತಾಳೆ. ಅಕ್ಕನಾಗಮ್ಮನಿಗೆ ಹೊಳೆದದ್ದು ಒಂದೇ: ದೃಷ್ಟಿ. ಇಷ್ಟು ಮೈತುಂಬಿದ ನಾಯಿಯನ್ನು ಇಂದು ಮಠಕ್ಕೆ ಬಂದವರೆಲ್ಲ ನೋಡಿ ಹೋಗಿದ್ದಾರೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಕರಿಕೆ ನಿಲ್ಲಲಿಲ್ಲ. ಹಾಗಾದರೆ ಪಿತ್ತ. ಇಂಗು ಹಾಕಿದ ಮಜ್ಜಿಗೆ ತಂದು ಬಾಯಿ ಬಿಡಿಸಲು ಹೋದಾಗ ಕೈ ಹೊಟ್ಟೆಗೆ ತಗುಲಿತು. ತಮಟೆಯ ಚರ್ಮದಂತೆ ಬಿಗಿದಿತ್ತು.

ಮರಿಬಸಪ್ಪ ಬೆರಳಿಂದ ಒಮ್ಮೆ ತಟ್ಟಿದ. ಟಣ್ ಎಂದಿತು. ಪರಿಚಯದ ಪಶುವೈದ್ಯರಿಗೆ ಫೋನ್ ಹಚ್ಚಿದ. ಅವರು ಕೇಳಿದ್ದು ಎರಡೇ ಮಾತು. ಆಮೇಲೆ, "ಬಾಯಾಗ ಏನೂ ಹಾಕಬ್ಯಾಡ್ರಿ. ಈಗಿಂದೀಗ ಬಳ್ಳಾರಿಗೆ ಒಯ್ಯಿರಿ. ಆಪರೇಷನ್ ಮಾಡೋರು ಬೇಕು. ತಡ ಮಾಡಿದ್ರ ಉಳಿಯಲ್ಲ" ಎಂದರು.

ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ಕೂಲಿಯವರನ್ನು ಒಯ್ಯುವ ಎರ್ರಿಸ್ವಾಮಿಯ ಟಾಟಾ ಏಸ್ ಪುಣ್ಯಕ್ಕೆ ಓಣಿಯಲ್ಲೇ ನಿಂತಿತ್ತು. ಹಿಂದೆ ಕಂಬಳಿ ಹಾಸಿ ಕೆಂಚಿಯನ್ನು ಮಲಗಿಸಿದರು. ಅಕ್ಕನಾಗಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಸಡು ಬೆಳ್ಳಗಾಗಿತ್ತು. ರಸ್ತೆಯ ಹಳ್ಳಕ್ಕೆ ಗಾಡಿ ಕುಲುಕಿದಾಗಲೆಲ್ಲ ಕೆಂಚಿ ಸಣ್ಣಗೆ ನರಳುವಳು, ಅದಕ್ಕೂ ತನ್ನದೇ ತಪ್ಪೆಂಬಂತೆ ಕಣ್ಣು ಮುಚ್ಚಿಕೊಳ್ಳುವಳು.

"ಎರ್ರಿಸ್ವಾಮಿ, ಜೋರಾಗಿ ಹೊಡಿಯಪ್ಪ."

"ಹೊಡದ್ರ ಕುಲುಕತೈತಿ, ಯಕ್ಕಾ. ಕುಲುಕಿದ್ರ ನೀನ ಬೈತಿ."

"ಬೈತೀನಿ. ಬೈಸಿಕೊಂಡು ಹೊಡಿ."

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಹಳೆಯ ಹೆಂಚಿನ ಬಂಗಲೆಯೊಂದರ ಮುಂಭಾಗದಲ್ಲಿ ಡಾಕ್ಟರ್ ಶಾಂಭವಿಯ ಕ್ಲಿನಿಕ್. ಆಕೆ ಸಣ್ಣ ವಯಸ್ಸಿನವಳು, ಮಾತು ಕಡಿಮೆ. ಕೆಂಚಿಯನ್ನು ಮೇಜಿನ ಮೇಲೆ ಮಲಗಿಸಿದ ಕೂಡಲೇ ಪಕ್ಕೆಗೆ ದಪ್ಪ ಸೂಜಿ ಚುಚ್ಚಿದಳು. ಸೈಕಲ್ ಟ್ಯೂಬು ಬಿಟ್ಟಂತೆ ಸುಂಯ್ ಎಂದು ಗಾಳಿ ಹೊರಬಂತು. ಸಹಾಯಕ ಕಾಲಿಗೆ ಸಲೈನ್ ಹಾಕುತ್ತಿದ್ದ.

"ಏನು ತಿಂದಿತ್ತಮ್ಮ?"

ಅಕ್ಕನಾಗಮ್ಮ ಹೇಳಿದಳು. ಅನ್ನ, ಸಾರು, ಪಾಯಸ. ಜೀವನದಲ್ಲಿ ಮೊದಲ ಸಲ, ಬಡಿಸಿದ್ದನ್ನು ಹೇಳುವಾಗ ಅವಳ ದನಿ ತಗ್ಗಿತು.

"ಆಮ್ಯಾಲೆ ಓಡಿತೇನು?"

"ಓಡಿದ್ಲು ತಾಯಿ. ನಾನ... ನಾನ ಖುಷಿಪಟ್ಟು ನೋಡಿಕೊಂತ ನಿಂತಿದ್ದೆ."

ಡಾಕ್ಟರ್ ಕೈ ನಿಲ್ಲಿಸದೆ ಹೇಳಿದಳು. "ಈ ಜಾತಿ ನಾಯಿಗೆ ಎದಿ ಆಳ, ಸೊಂಟ ಸಣ್ಣ. ಹೊಟ್ಟೆ ಒಳಗ ಜೋಳಿಗಿ ಹಂಗ ತೂಗಾಡ್ತಿರತೈತಿ. ತುಂಬಿದ ಜೋಳಿಗಿ ಹಾಕ್ಕೊಂಡು ಓಡಿದ್ರ ಒಂದೊಂದು ಸಲ ತಿರುಚಿಕೊಂಡುಬಿಡತೈತಿ. ಎರಡೂ ಬಾಯಿ ಬಂದಾಗಿ ಗಾಳಿ ತುಂಬತೈತಿ. ಹೊಟ್ಟೆ ಕೊಯ್ದು ಸರಿಮಾಡಬೇಕು. ಮಂಪರು ಔಷಧದಾಗೂ ಜಾಗ್ರತಿ ಬೇಕು, ಬೇಟೆನಾಯಿಗಳಿಗೆ ಕೆಲವು ಔಷಧ ಬೇಗ ಇಳಿಯಲ್ಲ. ನಾನು ನೋಡಿ ನೋಡಿ ಕೊಡ್ತೀನಿ. ಆದ್ರ ಉಳಿದೇ ಉಳಿತಾಳ ಅಂತ ಮಾತು ಕೊಡಾಕ ಆಗಲ್ಲಮ್ಮ."

"ಮಾಡ್ರಿ" ಎಂದ ಮರಿಬಸಪ್ಪ.

ಬಾಗಿಲು ಮುಚ್ಚಿತು. ಅಂಗಳದ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಎರ್ರಿಸ್ವಾಮಿ ಎಲ್ಲಿಂದಲೋ ಚಹಾ, ಬನ್ನು ತಂದ. ಅಕ್ಕನಾಗಮ್ಮ ಬನ್ನನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು.

"ನಾನ ಕೊಂದೆ ಅಲ್ರಿ ಅದನ್ನ?" ಎಂದಳು.

ಮರಿಬಸಪ್ಪನಿಗೆ ಮೋಟಾರಿನ ಮಾತು ನೆನಪಿತ್ತು. ಅದನ್ನು ಅವನು ಎತ್ತಲಿಲ್ಲ. "ನಿನ್ನ ಕೈಯಾಗ ಇದ್ದದ್ದು ವಿಷ ಅಲ್ಲಲ್ಲ" ಎಂದ. ಚಹಾದ ಲೋಟ ಕೆಳಗಿಟ್ಟು, "ನಾನೂ ಸುಮ್ನ ಇದ್ದೆ. ಗಟ್ಟಿಯಾಗಿ ಹೇಳಿದ್ರ ನೀನು ನೊಂದುಕೊಂತಿ ಅಂತ" ಎಂದು ಸೇರಿಸಿದ. ಬಿಸಿಲು ಬಂಗಲೆಯ ಹೆಂಚಿನಿಂದ ಇಳಿದು ಗೋಡೆಗೆ ಬಂತು, ಗೋಡೆಯಿಂದ ಅಂಗಳಕ್ಕೆ ಬಂತು. ಇಬ್ಬರೂ ಅದನ್ನೇ ನೋಡಿದರು.

ಡಾಕ್ಟರ್ ಹೊರಬಂದಾಗ ಆಕೆಯ ಹಣೆ ಬೆವೆತಿತ್ತು. ಹೊಟ್ಟೆ ತಿರುಚಿಕೊಂಡಿದ್ದನ್ನು ಸರಿಮಾಡಿ, ಮತ್ತೆ ತಿರುಚಿಕೊಳ್ಳದಂತೆ ಒಳಗೋಡೆಗೆ ಹೊಲಿಗೆ ಹಾಕಿ ಕೂಡಿಸಿದ್ದೇನೆ ಎಂದಳು. ಇನ್ನೆರಡು ದಿನ ಕಾಯಬೇಕು, ಹೃದಯದ ಬಡಿತ ಏರುಪೇರಾಗುವ ಭಯ ಇನ್ನೂ ಇದೆ ಎಂದಳು. ಒಳಗೆ ಕೆಂಚಿ ಕಂಬಳಿಯಲ್ಲಿ ನಡುಗುತ್ತ ಮಲಗಿದ್ದಳು. ಹೊಲಿಗೆಗೆಂದು ಹೊಟ್ಟೆಯ ಕೂದಲು ಬೋಳಿಸಿದ್ದರು. ಅಷ್ಟು ತೆಳ್ಳನೆಯ ಚರ್ಮ, ಒಳಗಿನ ನೀಲಿ ನರ ಕಾಣುವಂಥದ್ದು. ಇಷ್ಟು ದಿನ ಈ ಚರ್ಮದ ಒಳಗೆ ಎಷ್ಟೆಲ್ಲ ತುಂಬಿಬಿಟ್ಟೆ ಎಂದು ಅಕ್ಕನಾಗಮ್ಮನಿಗೆ ಅನಿಸಿತು.

"ಡಾಕ್ಟರಮ್ಮ, ಬಂದಾಗ ಎಲುವು ಕಾಣ್ತಿತ್ತು. ಹಸಗೊಂಡೈತಿ ಅಂತ ತಿಳ್ಕಂಡೆ" ಎಂದಳು.

ಶಾಂಭವಿ ಅವಳ ಪಕ್ಕದಲ್ಲಿ ಕೂತಳು. "ಅದು ಹಸಿವಲ್ಲಮ್ಮ, ಮೈಕಟ್ಟು. ಇದು ಓಡಾಕ ಹುಟ್ಟಿದ ನಾಯಿ. ಹಿಂದಿನ ಮೂರು ನಾಕು ಎಲುವು ಕಾಣಬೇಕು. ಕಾಣದಂಗಾದ್ರ ನೀವು ಗಾಬರಿಯಾಗಬೇಕು. ಹೊಟ್ಟೆ ಯಾಕ ತಿರುಚತೈತಿ ಅಂತ ಒಂದ ಕಾರಣ ಹೇಳಾಕ ಆಗಲ್ಲ, ಎಲ್ಲಾ ಸರಿ ಇದ್ರೂ ಇಂಥ ನಾಯಿಗೆ ಬರಬೌದು. ನೀವ ಮಾಡಿದ್ರಿ ಅಂತ ನಾನು ಅನ್ನಲ್ಲ. ಆದ್ರ ಇನ್ನು ಮ್ಯಾಲೆ ಒಂದ ಸಲಕ್ಕ ಹೊಟ್ಟೆ ತುಂಬ ಹಾಕಬ್ಯಾಡ್ರಿ. ಸ್ವಲ್ಪ ಸ್ವಲ್ಪ, ಎರಡು ಮೂರು ಸಲ. ಉಂಡ ಮ್ಯಾಲೆ ಓಡಬಾರದು. ಬೆಲ್ಲ, ಪಾಯಸ ಬಂದ್. ದಿನಾ ಒಂದು ಕೋಳಿ ತತ್ತಿ ಕೊಡ್ರಿ."

"ತತ್ತಿ?" ಅಕ್ಕನಾಗಮ್ಮ ಬೆಚ್ಚಿದಳು. "ನಾವು ಲಿಂಗ ಕಟ್ಟಿದವರು, ತಾಯಿ."

"ಲಿಂಗ ನಿಮ್ಮ ಕೊರಳಾಗ ಐತಿ, ಕೆಂಚಿ ಕೊರಳಾಗಿಲ್ಲಲ್ಲ" ಎಂದು ಡಾಕ್ಟರ್ ಮೊದಲ ಸಲ ನಕ್ಕಳು.

ಕೆಂಚಿ ಉಳಿದಳು. ಕ್ಲಿನಿಕ್ಕಿನಿಂದ ಮನೆಗೆ ಬಂದಾಗ ಓಣಿಯವರೆಲ್ಲ ನೋಡಲು ಬಂದರು. ತತ್ತಿಯ ತೊಡಕನ್ನು ಪಕ್ಕೀರಮ್ಮ ಬಗೆಹರಿಸಿದಳು. ಬೆಳಿಗ್ಗೆ ತನ್ನ ಮನೆಯಲ್ಲಿ ಒಂದು ತತ್ತಿ ಕುದಿಸಿ, "ಕೆಂಚೀ, ರಾವೇ ತಲ್ಲಿ!" ಎಂದು ತೆಲುಗಿನಲ್ಲಿ ಕರೆಯುವಳು. ಕೆಂಚಿ ಮೆಲ್ಲನೆ ಓಣಿ ದಾಟಿ ಹೋಗಿ ಬರುವಳು. ಅಕ್ಕನಾಗಮ್ಮ ಹೊಸ್ತಿಲಲ್ಲಿ ಒದ್ದೆ ಬಟ್ಟೆ ಹಿಡಿದು ಕಾದಿದ್ದು, ಅವಳ ಮೂತಿ ಒರೆಸಿಯೇ ಒಳಗೆ ಬಿಡುವಳು. "ಎಲ್ಲಿಗೆ ಹೋಗಿದ್ಯವ್ವ? ಪಕ್ಕೀರಮ್ಮನ ಮನಿಗೆ ಮಾತಾಡ್ಸಾಕ?" ಎಂದು ಕೇಳುವಳು. ಏನು ತಿಂದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಆ ಒಂದು ಪ್ರಶ್ನೆಯನ್ನು ಅವಳು ಜೀವಮಾನದಲ್ಲಿ ಬಿಟ್ಟದ್ದು ಕೆಂಚಿಯೊಬ್ಬಳಿಗೇ.

ಕಷ್ಟವಾದದ್ದು ಕೈ ಹಿಡಿಯುವುದು. ಸೌಟು ತಾನಾಗಿಯೇ ಇನ್ನೊಮ್ಮೆ ಪಾತ್ರೆಗೆ ಇಳಿಯುವುದು. ಕೊನೆಗೆ ಕೆಂಚಿಗೆ ಊಟ ಹಾಕುವ ಕೆಲಸವನ್ನು ಮರಿಬಸಪ್ಪನಿಗೇ ಒಪ್ಪಿಸಿದಳು. ಆದರೂ ಒಂದು ಮಧ್ಯಾಹ್ನ, ಅವನು ಅಂಗಡಿಗೆ ಹೋಗಿದ್ದಾಗ, ಒಲೆಯ ಮುಂದೆ ಕೂತು ತನ್ನನ್ನೇ ನೋಡುತ್ತಿದ್ದ ಕೆಂಚಿಯ ಕಣ್ಣು ತಡೆಯಲಾರದೆ, ತುಪ್ಪ ಹಚ್ಚಿದ ರೊಟ್ಟಿಯೊಂದನ್ನು ಮುರಿದು ಹಾಕಿಬಿಟ್ಟಳು. ಕೆಂಚಿ ತಿಂದಳು. ತಿಂದು ಸ್ವಲ್ಪ ಹೊತ್ತಿಗೆ ಹಿತ್ತಲಿಗೆ ಹೋಗಿ ಕತ್ತು ಮುಂದೆ ಚಾಚಿ ನಿಂತಳು.

ಅಕ್ಕನಾಗಮ್ಮನ ಕೈಯಲ್ಲಿದ್ದ ಹಂಚು ಹಾಗೇ ಕೆಳಗೆ ಬಿತ್ತು. ಓಡಿ ಹೋಗಿ ಹೊಟ್ಟೆ ಮುಟ್ಟಿದಳು. ಮೆತ್ತಗಿತ್ತು. ಕೆಂಚಿ ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡುತ್ತಿದ್ದಳು, ಅಷ್ಟೇ. ಆದರೂ ಅಕ್ಕನಾಗಮ್ಮ ಎದ್ದು ಬರಲಿಲ್ಲ. ಮರಿಬಸಪ್ಪ ಮನೆಗೆ ಬರುವವರೆಗೂ ಬಿಸಿಲಲ್ಲೇ ಕೂತು ಕೆಂಚಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅವನು ಕೇಳುವ ಮೊದಲೇ ಅವಳೇ ಹೇಳಿದಳು. "ಒಂದು ರೊಟ್ಟಿ ಹಾಕಿದೆ. ಇನ್ನು ಹಾಕಲ್ಲ. ನಾಳಿಂದ ನಾನ ಅಳತಿ ಮಾಡಿ ಇಡ್ತೀನಿ. ನೀವು ಇಡೋದು ಬ್ಯಾಡ. ನಾನ ಕಲೀಬೇಕು."

ಕಲಿತಳು. ಕಲಿತದ್ದು ಎಲ್ಲರಿಗೂ ಗೊತ್ತಾದದ್ದು ಮುಂದಿನ ಯುಗಾದಿಗೆ. ದೇಶನೂರಿನಿಂದ ಹಂಪಯ್ಯ, ಅವನ ಹೆಂಡತಿ ಅನಿತಾ ಬಂದಿದ್ದರು. ಊಟಕ್ಕೆ ಕೂತಾಗ ಕೆಂಚಿ ಬಾಗಿಲಲ್ಲಿ ಬಂದು ನಿಂತಳು. ಸೊಂಟ ಮತ್ತೆ ಒಳಸೇರಿತ್ತು.

"ಅಯ್ಯ, ಮತ್ತ ಒಣಗಿಸಿಬಿಟ್ಟೀಯಲ್ಲ ಅತ್ತಿಗಿ! ಬಾರವ್ವ ಕೆಂಚಿ, ನಿನಗ ಯಾರೂ ಹಾಕಲ್ಲೇನು?" ಎಂದು ಅನಿತಾ ತನ್ನ ಎಲೆಯಿಂದ ಹೋಳಿಗೆಯೊಂದನ್ನು ಎತ್ತಿ ಚಾಚಿದಳು. ಕೆಂಚಿ ಬಾಯಿ ತೆರೆದಿದ್ದಳು. ಬಡಿಸುತ್ತಿದ್ದ ಅಕ್ಕನಾಗಮ್ಮ ಸೌಟು ಬಿಟ್ಟು ಬಂದು, ಹೋಳಿಗೆಯನ್ನು ನಾಯಿಯ ಹಲ್ಲಿನ ನಡುವಿನಿಂದಲೇ ಕಿತ್ತುಕೊಂಡಳು.

ಆ ಮನೆಯಲ್ಲಿ ಒಂದು ಜೀವದ ಬಾಯಿಂದ ತುತ್ತು ಕಿತ್ತದ್ದು ಅದೇ ಮೊದಲು.

"ಒಂದು ಹೋಳಿಗಿ, ಅತ್ತಿಗಿ..." ಅನಿತಾಳ ಮುಖ ಕೆಂಪಾಯಿತು. "ಮನಿ ಬರಿದಾಗತೈತೇನು?"

ಅಕ್ಕನಾಗಮ್ಮ ಹೋಳಿಗೆಯನ್ನು ಸೆರಗಿನ ಮರೆಗೆ ಹಿಡಿದಳು. "ನನಗ ಬೈ, ಅನಿತಾ. ಜಿಪುಣಿ ಅನ್ನು, ಊರಾಗೆಲ್ಲಾ ಹೇಳು. ಅದಕ್ಕ ಮಾತ್ರ ಹಾಕಬ್ಯಾಡ" ಎಂದಳು. ಕಣ್ಣಲ್ಲಿ ನೀರು ನಿಂತಿತ್ತು. ಹಂಪಯ್ಯ ತಲೆ ಬಗ್ಗಿಸಿದ. ಕೊನೆಗೆ ಮರಿಬಸಪ್ಪನೇ, "ಅದರ ಪಾಲಿಂದು ನನಗ ಹಾಕು. ನನ್ನ ಚಾಸಿಗೆ ಏನೂ ಆಗಲ್ಲ" ಎಂದು ಎಲೆ ಮುಂದೆ ಸರಿಸಿದ. ಅನಿತಾ ನಕ್ಕಳು. ಆಮೇಲೆ ಅಕ್ಕನಾಗಮ್ಮನೂ ಕಣ್ಣು ಒರೆಸಿಕೊಂಡು, ಅನಿತಾಳ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕತೊಡಗಿದಳು. ಅನಿತಾ ಎರಡೂ ಕೈ ಅಡ್ಡ ಹಿಡಿದರೂ ಬಿಡಲಿಲ್ಲ.

ಕೆಂಚಿಗೆ ಈಗ ಹತ್ತು ವರ್ಷ. ಮೂತಿ ಬೆಳ್ಳಗಾಗಿದೆ. ಬೆಳಿಗ್ಗೆ ಹೊಲದಲ್ಲಿ ಅರ್ಧ ಸುತ್ತು ಓಡಿ, ಉಳಿದರ್ಧ ನಡೆದು ಬರುತ್ತಾಳೆ. ವರ್ಷಕ್ಕೊಮ್ಮೆ ಎರ್ರಿಸ್ವಾಮಿಯ ಗಾಡಿಯಲ್ಲಿ ಕಂಟೋನ್ಮೆಂಟಿಗೆ ಹೋಗುತ್ತಾರೆ. ಡಾಕ್ಟರ್ ಶಾಂಭವಿ ಹೃದಯ ಕೇಳುತ್ತಾಳೆ, ಹಲ್ಲು ನೋಡುತ್ತಾಳೆ, ಉಗುರು ಕತ್ತರಿಸುತ್ತಾಳೆ. ಈ ಜಾತಿ ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿಮೂರು ವರ್ಷ ಬಾಳುತ್ತದೆ ಎನ್ನುತ್ತಾಳೆ. ಕಳೆದ ಸಲ, "ಎದಿ ಗಟ್ಟಿ ಐತಿ. ಚಳಿಗಿ ಮಾತ್ರ ಹುಷಾರು, ಮೈಮ್ಯಾಲೆ ಕೊಬ್ಬಿಲ್ಲ. ಬರೀ ನೆಲದ ಮ್ಯಾಲೆ ಮಲಗಿಸಬ್ಯಾಡ್ರಿ, ಮೊಣಕೈ ಜಡ್ಡುಗಟ್ಟತೈತಿ" ಎಂದಳು.

ಅಕ್ಕನಾಗಮ್ಮನಿಗೆ ಅಷ್ಟು ಸಾಕಾಯಿತು. ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆಗಳನ್ನು, ಮರಿಬಸಪ್ಪನ ಹರಿದ ಪಂಚೆಗಳನ್ನು ಹೊರತೆಗೆದಳು. ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಪದರ ಪದರವಾಗಿ ಹಾಸಿ ಕೌದಿ ಹೊಲಿಯತೊಡಗಿದಳು. ಮೊದಲು ಹಾಸಲು ಒಂದು ದಪ್ಪನೆಯದು. ಆಮೇಲೆ ಹೊದೆಯಲು. ಆಮೇಲೆ ಎದೆಯ ಕೆಳಗೆ ದಾರ ಕಟ್ಟುವ ಅಂಗಿಯಂಥದ್ದು. ಅದು ಸರಿಬರದೆ ಎರಡು ಸಲ ಬಿಚ್ಚಿ ಹೊಲಿದಳು. ಅಷ್ಟು ಆಳದ ಎದೆ, ಅಷ್ಟು ಸಣ್ಣ ಸೊಂಟದ ಅಳತೆ ಮನುಷ್ಯರಲ್ಲಿ ಇಲ್ಲವಲ್ಲ.

ಮಾಘದ ಬೆಳಿಗ್ಗೆ ಕೆಂಚಿ ನೇರಳೆ ಬಣ್ಣದ ಕೌದಿ ಅಂಗಿ ತೊಟ್ಟು ಓಣಿ ದಾಟಿದಾಗ ಪಕ್ಕೀರಮ್ಮ ತತ್ತಿಯ ತಟ್ಟೆ ಹಿಡಿದೇ ನಕ್ಕು ನಕ್ಕು ಸುಸ್ತಾದಳು.

"ಯಕ್ಕಾ, ಉಣ್ಣಾಕ ಕಡಿಮಿ ಮಾಡಿ ಉಡಾಕ ಜಾಸ್ತಿ ಮಾಡೀಯಲ್ಲೇ! ನಾಳಿಗಿ ಕುಪ್ಪಸ ಹೊಲೀತಿ ಏನು?"

"ಕುಪ್ಪಸಕ್ಕ ನಿನ್ನ ಹಳೇ ಸೀರಿ ಇದ್ರ ಕೊಡು, ಹೊಲೀತೀನಿ" ಎಂದಳು ಅಕ್ಕನಾಗಮ್ಮ, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ. "ಕಾಲು ನೋಡು, ತಣ್ಣಗೈತಿ. ಕಾಲಿಗೆ ಏನರ ಮಾಡಬೇಕು."

ಕೆಂಚಿ ಹಿಂದಿರುಗಿ ಬಂದು ದಪ್ಪ ಕೌದಿಯ ಮೇಲೆ ತನ್ನ ಸುತ್ತ ತಾನೇ ತಿರುಗಿ, ಮೂಳೆಗಳನ್ನೆಲ್ಲ ಒಂದೊಂದಾಗಿ ಇಳಿಸುವಂತೆ ನಿಧಾನವಾಗಿ ಮಲಗಿದಳು. ಅಕ್ಕನಾಗಮ್ಮ ಹೊದಿಕೆಯ ಅಂಚನ್ನು ಅವಳ ಪಾದದ ಮೇಲೆ ಎಳೆದು, ಜಾರದಂತೆ ಅಡಿಗೆ ಸಿಕ್ಕಿಸಿ, ಒಲೆಯ ಮೇಲಿನ ಹಾಲು ಉಕ್ಕೀತೆಂದು ಎದ್ದು ಒಳಗೆ ಹೋದಳು.